ಅಡ್ರಿನಲ್ ಗಡ್ಡೆ ಮತ್ತು ಏರಿದ ಕಾರ್ಟಿಸಾಲ್: ಯಾವ ಪರೀಕ್ಷೆ ಮೊದಲು, ಶಸ್ತ್ರಚಿಕಿತ್ಸೆ ಯಾವಾಗ?

ಪ್ರಶ್ನೆ: ನನ್ನ ತಂಗಿಗೆ 36 ವರ್ಷ. ಎರಡು ವರ್ಷಗಳಿಂದ ಮುಖ ದುಂಡಗಾಗಿ ಕೆಂಪೇರಿದೆ, ಹೊಟ್ಟೆ ಬಂದಿದೆ, ಕೈಕಾಲು ಮಾತ್ರ ಸೊರಗಿವೆ. ಬಿ.ಪಿ.ಗೆ ಮೂರು ಬಗೆಯ ಮಾತ್ರೆ ನಡೆಯುತ್ತಿದೆ, ಹೊಸದಾಗಿ ಶುಗರ್ ಬಂದಿದೆ, ಮುಟ್ಟು ಏರುಪೇರಾಗಿದೆ, ಕೂದಲೂ ಉದುರುತ್ತಿದೆ. ಕಿಡ್ನಿ ಕಲ್ಲಿನ ನೋವಿಗೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಎಡ ಅಡ್ರಿನಲ್ ಗ್ರಂಥಿಯಲ್ಲಿ 3.1 ಸೆಂ.ಮೀ. ಗಡ್ಡೆ ಕಂಡಿತು. ಬೆಳಿಗ್ಗೆ ರಕ್ತ ಪರೀಕ್ಷೆಯಲ್ಲಿ ಕಾರ್ಟಿಸಾಲ್ 17 ಬಂದಿದೆ. ಅದು ನಾರ್ಮಲ್, ಗಡ್ಡೆಯಿಂದ ಏನೂ ತೊಂದರೆಯಿಲ್ಲ ಎಂದು ಒಬ್ಬ ವೈದ್ಯರು ಹೇಳಿದರು. ಇನ್ನೊಬ್ಬರು ಕೂಡಲೇ ಆಪರೇಷನ್ ಮಾಡಿಸಿ ಎಂದರು. ಇದು ಕ್ಯಾನ್ಸರ್ ಇರಬಹುದೇ? ಸೂಜಿ ಹಾಕಿ ತುಣುಕು ತೆಗೆದು ನೋಡಬೇಕೇ? ಗ್ರಂಥಿ ತೆಗೆಸಿದರೆ ಜೀವನಪೂರ್ತಿ ಮಾತ್ರೆ ನುಂಗಬೇಕೇ?

ಉತ್ತರ: ಬೆಳಗಿನ ಕಾರ್ಟಿಸಾಲ್ 17 ಎಂಬ ಒಂದು ಅಂಕಿಯನ್ನು ನೋಡಿ ಗಡ್ಡೆಯಿಂದ ತೊಂದರೆಯಿಲ್ಲ ಎನ್ನಲು ಬರುವುದಿಲ್ಲ. ಹಾಗೆಂದು ಪರೀಕ್ಷೆಗಳನ್ನು ಮುಗಿಸದೆ ಆಪರೇಷನ್‌ಗೆ ದಿನ ಗೊತ್ತು ಮಾಡುವುದೂ ಸರಿಯಲ್ಲ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ನಿಮ್ಮ ತಂಗಿಗೆ ಕುಶಿಂಗ್ಸ್ ಸಿಂಡ್ರೋಮ್, ಅಂದರೆ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಕಾಯಿಲೆ, ಇರುವ ಸಂಭವ ಬಲವಾಗಿದೆ. ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದರೆ ಅದಕ್ಕೆ ಮುಂಚೆ ಮೂರು ವಿಷಯ ಇದೇ ಕ್ರಮದಲ್ಲಿ ಇತ್ಯರ್ಥವಾಗಬೇಕು: ಕಾರ್ಟಿಸಾಲ್ ನಿಜವಾಗಿಯೂ ಹೆಚ್ಚಿದೆಯೇ, ಹೆಚ್ಚಿದ್ದರೆ ಅದು ಈ ಗಡ್ಡೆಯಿಂದಲೇ ಬರುತ್ತಿದೆಯೇ, ಗಡ್ಡೆಯ ಸ್ವಭಾವ ಎಂಥದ್ದು. ಈ ಕ್ರಮ ತಪ್ಪಿದಾಗಲೇ ಸುಮ್ಮನೆ ಕೂತಿದ್ದ ಗಡ್ಡೆಯನ್ನು ತೆಗೆದು, ನಿಜವಾದ ಕಾಯಿಲೆಯನ್ನು ಒಳಗೇ ಬಿಟ್ಟುಬಿಡುವ ಅನಾಹುತ ಆಗುವುದು.

17 ಏಕೆ ಸಾಲದು

ಅಡ್ರಿನಲ್ ಗ್ರಂಥಿಗಳು ಎರಡು. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಇರುತ್ತವೆ, ತೂಕ ನಾಲ್ಕೈದು ಗ್ರಾಂ ಅಷ್ಟೇ. ಇವುಗಳ ಹೊರಪದರದಲ್ಲಿ ಕಾರ್ಟಿಸಾಲ್ ತಯಾರಾಗುತ್ತದೆ. ಎಷ್ಟು ತಯಾರಾಗಬೇಕೆಂದು ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ತಾನು ಬಿಡುಗಡೆ ಮಾಡುವ ಎ.ಸಿ.ಟಿ.ಎಚ್. ಹಾರ್ಮೋನಿನ ಮೂಲಕ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ಪಿಟ್ಯುಟರಿ ತನ್ನ ಆದೇಶವನ್ನು ತಗ್ಗಿಸುತ್ತದೆ. ಆರೋಗ್ಯವಂತರಲ್ಲಿ ಬೆಳಿಗ್ಗೆ ಏಳುವ ಹೊತ್ತಿಗೆ ಕಾರ್ಟಿಸಾಲ್ ಅತಿ ಹೆಚ್ಚು, ನಡುರಾತ್ರಿ ಅತಿ ಕಡಿಮೆ.

ಕಾರ್ಟಿಸಾಲ್ ಸ್ರವಿಸುವ ಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಈ ಆದೇಶಕ್ಕೆ ಕಾಯುವುದಿಲ್ಲ. ಎ.ಸಿ.ಟಿ.ಎಚ್. ಬಂದಾಗ ಜೀವಕೋಶದೊಳಗೆ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಚಾಲೂ ಆಗಿ, ಅದು ಕಾರ್ಟಿಸಾಲ್ ತಯಾರಿಯನ್ನು ಶುರುಮಾಡುತ್ತದೆ. ಕುಶಿಂಗ್ಸ್‌ನ ಲಕ್ಷಣ ಪೂರ್ತಿ ಕಾಣಿಸಿಕೊಂಡವರ ಅಡಿನೋಮಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಈ ಕಿಣ್ವದ ವಂಶವಾಹಿಯೇ ಬದಲಾಗಿ, ಕಿಣ್ವ ಸದಾ ಚಾಲೂ ಇರುತ್ತದೆ ಎಂಬುದು 2014ರಲ್ಲಿ ಪತ್ತೆಯಾಯಿತು. ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುತ್ತದೆ, ಹುಟ್ಟಿನಿಂದ ಬಂದದ್ದಲ್ಲ. ಹಾಗಾಗಿ ಒಂದೇ ಕಡೆ ಒಂದೇ ಗಡ್ಡೆ ಇದ್ದರೆ ಒಡಹುಟ್ಟಿದವರೂ ಮಕ್ಕಳೂ ಹೆದರಬೇಕಿಲ್ಲ.

ಇಂಥ ಗಡ್ಡೆ ಹಗಲೂ ರಾತ್ರಿ ಒಂದೇ ಸಮನೆ ಕೆಲಸ ಮಾಡುತ್ತಿರುತ್ತದೆ. ಬೆಳಿಗ್ಗೆ 17 ಇದ್ದು ರಾತ್ರಿ ಹನ್ನೆರಡಕ್ಕೆ 2ಕ್ಕೆ ಇಳಿದರೆ ಅದು ಆರೋಗ್ಯ. ಬೆಳಿಗ್ಗೆ 17, ರಾತ್ರಿ ಹನ್ನೆರಡಕ್ಕೂ 15 ಇದ್ದರೆ ಅದು ಕಾಯಿಲೆ. ಬೆಳಿಗ್ಗೆ ಮಾತ್ರ ರಕ್ತ ತೆಗೆದರೆ ಎರಡೂ ಒಂದೇ ಥರ ಕಾಣುತ್ತವೆ.

ಲಕ್ಷಣಗಳಲ್ಲೂ ತೂಕದ ವ್ಯತ್ಯಾಸವಿದೆ. ದಪ್ಪಗಾಗುವುದು, ಬಿ.ಪಿ., ಶುಗರ್, ಮುಟ್ಟಿನ ತೊಂದರೆ ಇವೆಲ್ಲ ಪಿ.ಸಿ.ಒ.ಡಿ.ಯಲ್ಲೂ ಬರುತ್ತವೆ, ಬರೀ ಬೊಜ್ಜಿನಲ್ಲೂ ಬರುತ್ತವೆ. ಕುಶಿಂಗ್ಸ್ ಕಡೆಗೆ ಬೆರಳು ಮಾಡುವ ಗುರುತುಗಳು ಬೇರೆ: ನೆಲದ ಮೇಲೆ ಕೂತವರು ಕೈಯೂರದೆ ಏಳಲಾಗದಿರುವುದು, ಬಳೆ ಏರಿಸುವಾಗಿನ ಒತ್ತಡಕ್ಕೇ ಕೈ ಕಂದುಗಟ್ಟುವುದು, ಹೊಟ್ಟೆ ತೊಡೆಗಳ ಮೇಲೆ 1 ಸೆಂ.ಮೀ.ಗಿಂತ ಅಗಲವಾದ ನೇರಳೆ ಬಣ್ಣದ ಗೀರುಗಳು, ಕೆಂಪೇರಿದ ಮುಖ. ಹೆರಿಗೆಯ ನಂತರ ಉಳಿಯುವ ಬೆಳ್ಳಗಿನ ಗೀರುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮೂಳೆ ಟೊಳ್ಳಾಗಿ ಸಣ್ಣ ಪೆಟ್ಟಿಗೆ ಬೆನ್ನುಮೂಳೆ ಕುಸಿಯುವುದು, ನಿದ್ದೆ ಬಾರದಿರುವುದು, ಸಿಡುಕು, ಖಿನ್ನತೆ ಇವನ್ನೂ ಕೇಳಿ ನೋಡಿ. ಮನೆಯವರು ಇವನ್ನು ಕಾಯಿಲೆಗೆ ಜೋಡಿಸದೆ ಸ್ವಭಾವವೆಂದು ಬೈಯುತ್ತಿರುತ್ತಾರೆ. ಇನ್ನು ಕಿಡ್ನಿ ಕಲ್ಲು: ಕಾರ್ಟಿಸಾಲ್ ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗಿ ಕಲ್ಲು ಕಟ್ಟುತ್ತದೆ. ನಿಮ್ಮ ತಂಗಿಯ ಕಲ್ಲೂ ಗಡ್ಡೆಯೂ ಒಂದೇ ಕಥೆಯ ಎರಡು ಭಾಗ ಆಗಿರಬಹುದು.

ಮೊದಲು ಹೊರಗಿನ ಸ್ಟೀರಾಯ್ಡ್

ಯಾವ ಪರೀಕ್ಷೆಗೂ ಮುಂಚೆ ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದಿಡಿ. ದುಂಡು ಮುಖದೊಂದಿಗೆ ಬರುವವರಲ್ಲಿ ಹೆಚ್ಚಿನವರಿಗೆ ಯಾವ ಗಡ್ಡೆಯೂ ಇರುವುದಿಲ್ಲ, ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಔಷಧ ಹೊರಗಿನಿಂದ ಹೋಗಿರುತ್ತದೆ. ಮಂಡಿನೋವಿಗೆ ಹಾಕಿಸಿಕೊಂಡ ಚುಚ್ಚುಮದ್ದು, ಉಬ್ಬಸಕ್ಕೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮುಖ ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚಿದ ಬೀಟಾಮೆಥಾಸೋನ್ ಅಥವಾ ಕ್ಲೋಬಿಟಾಸಾಲ್ ಬೆರೆತ ಕ್ರೀಮು, ಹುಳುಕಡ್ಡಿಯ ಮುಲಾಮು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಂಥವರಲ್ಲಿ ದೇಹದ ಸ್ವಂತ ಕಾರ್ಟಿಸಾಲ್ ತೀರಾ ಕಡಿಮೆ ಇರುತ್ತದೆ, ಎ.ಸಿ.ಟಿ.ಎಚ್. ಕೂಡ ಕಡಿಮೆ. ಆದರೆ ಪ್ರೆಡ್ನಿಸೋಲೋನ್ ತೆಗೆದುಕೊಳ್ಳುತ್ತಿದ್ದರೆ ಅನೇಕ ಲ್ಯಾಬ್ ಯಂತ್ರಗಳು ಅದನ್ನೇ ಕಾರ್ಟಿಸಾಲ್ ಎಂದು ಎಣಿಸಿ ಅಂಕಿಯನ್ನು ಏರಿಸುತ್ತವೆ. ಆಗ ಎಲ್ಲ ಲೆಕ್ಕ ತಪ್ಪುತ್ತದೆ. ಬಹಳ ದಿನ ಬಳಸಿದ ಸ್ಟೀರಾಯ್ಡನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ವೈದ್ಯರು ಹೇಳಿದ ಹಾಗೆಯೇ ಇಳಿಸಬೇಕು.

ಕೂದಲು ಉದುರುತ್ತಿದೆ ಎಂದಿದ್ದೀರಿ. ಅದಕ್ಕೆ ಬಯೋಟಿನ್ ಮಾತ್ರೆ ನಡೆಯುತ್ತಿದೆಯೇ ನೋಡಿ. ಕೆಲವು ಯಂತ್ರಗಳಲ್ಲಿ ಬಯೋಟಿನ್‌ನಿಂದ ಕಾರ್ಟಿಸಾಲ್ ಇಲ್ಲದ ಹೆಚ್ಚಳ ತೋರಿಸುತ್ತದೆ, ಎ.ಸಿ.ಟಿ.ಎಚ್. ಇಲ್ಲದ ಇಳಿಕೆ ತೋರಿಸುತ್ತದೆ. ಅಡ್ರಿನಲ್ ಗಡ್ಡೆಯ ಕುಶಿಂಗ್ಸ್‌ನಲ್ಲಿ ಸಿಗುವುದೂ ಇದೇ ಜೋಡಿ ಫಲಿತಾಂಶ. ರಕ್ತ ಕೊಡುವ ಕನಿಷ್ಠ ಮೂರು ದಿನ ಮುಂಚೆ ಬಯೋಟಿನ್ ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ.

ಡೆಕ್ಸಾಮೆಥಾಸೋನ್ ಪರೀಕ್ಷೆ ಮಾಡುವ ಕ್ರಮ

ಅಡ್ರಿನಲ್ ಗಡ್ಡೆ ಇರುವವರಿಗೆ ಅತಿ ಮುಖ್ಯ ಪರೀಕ್ಷೆ ಇದೇ. ರಾತ್ರಿ 11ರಿಂದ 12ರೊಳಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 1 ಮಿ.ಗ್ರಾಂ ನುಂಗಿ, ಮರುದಿನ ಬೆಳಿಗ್ಗೆ 8ರಿಂದ 9ರ ನಡುವೆ ಕಾರ್ಟಿಸಾಲ್‌ಗೆ ರಕ್ತ ಕೊಡಬೇಕು. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 0.5 ಮಿ.ಗ್ರಾಂ ಮಾತ್ರೆ, ಅಂದರೆ ಎರಡು ನುಂಗಬೇಕು. 4 ಮಿ.ಗ್ರಾಂ ಮಾತ್ರೆಯೂ ಬರುತ್ತದೆ, ಸ್ಟ್ರಿಪ್ ಮೇಲಿನ ಅಂಕಿ ಓದದೆ ನುಂಗಬೇಡಿ. ನುಂಗಿದ ಸಮಯವನ್ನು ಚೀಟಿಯಲ್ಲಿ ಬರೆದಿಡಿ. ಸಂಜೆ ಏಳಕ್ಕೆ ಊಟದ ಜೊತೆ ನುಂಗಿಬಿಟ್ಟಿದ್ದರೆ ಬಂದ ಫಲಿತಾಂಶವನ್ನು ನಂಬುವ ಹಾಗಿಲ್ಲ.

ಡೆಕ್ಸಾಮೆಥಾಸೋನ್ ಸಿಕ್ಕಾಗ ಆರೋಗ್ಯವಂತರ ಪಿಟ್ಯುಟರಿ ಸುಮ್ಮನಾಗಿ, ಬೆಳಗಿನ ಕಾರ್ಟಿಸಾಲ್ 1.8 ಮೈಕ್ರೋಗ್ರಾಂಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಇದು ಒಂದು ಡೆಸಿಲೀಟರ್ ರಕ್ತದ ಲೆಕ್ಕ. ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ವರದಿ ಕೊಡುತ್ತವೆ, ಅದರಲ್ಲಿ ಇದೇ ಗಡಿ 50. ಲ್ಯಾಬ್ ವರದಿಯ ಪಕ್ಕದಲ್ಲಿ ಅಚ್ಚಾಗಿರುವ 5ರಿಂದ 25ರ ನಾರ್ಮಲ್ ವ್ಯಾಪ್ತಿ ಈ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಡೆಕ್ಸಾಮೆಥಾಸೋನ್ ನಂತರ 9 ಬಂದರೆ ಯಂತ್ರ ಅದನ್ನು ನಾರ್ಮಲ್ ಎಂದೇ ಮುದ್ರಿಸುತ್ತದೆ, ನಿಜಕ್ಕೂ ಅದು ತೀರಾ ಹೆಚ್ಚು. ಈ ಒಂದು ಕಾರಣಕ್ಕೆ ಕಾಯಿಲೆ ವರ್ಷಗಟ್ಟಲೆ ತಪ್ಪಿಹೋಗುವುದುಂಟು.

ಅಂಕಿ ಸುಳ್ಳೇ ಹೆಚ್ಚಾಗಿ ಬರುವ ಸಂದರ್ಭಗಳೂ ಇವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕಾರ್ಟಿಸಾಲನ್ನು ಹೊತ್ತೊಯ್ಯುವ ಪ್ರೋಟೀನನ್ನು ಹೆಚ್ಚಿಸುತ್ತದೆ, ಹಾಗಾಗಿ ಆರು ವಾರ ಮುಂಚೆ ನಿಲ್ಲಿಸಬೇಕು. ಮುಟ್ಟು ಸರಿಹೋಗಲೆಂದು ನಿಮ್ಮ ತಂಗಿಗೆ ಇಂಥ ಮಾತ್ರೆ ಕೊಟ್ಟಿರುವ ಸಾಧ್ಯತೆ ಇದೆ, ವಿಚಾರಿಸಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಝೆಪಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವು ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿಬಿಡುತ್ತವೆ, ಔಷಧ ಬೆಳಗಿನವರೆಗೆ ಉಳಿಯುವುದೇ ಇಲ್ಲ. ಇವುಗಳನ್ನು ಪರೀಕ್ಷೆಗೋಸ್ಕರ ನಿಲ್ಲಿಸಬಾರದು, ಬದಲಿಗೆ ಬೇರೆ ಪರೀಕ್ಷೆ ಆರಿಸಿಕೊಳ್ಳಬೇಕು. ಚರ್ಮದ ಫಂಗಸ್‌ಗೆ ಕೊಡುವ ಇಟ್ರಾಕೊನಝೋಲ್ ಇದಕ್ಕೆ ತದ್ವಿರುದ್ಧ: ಡೆಕ್ಸಾಮೆಥಾಸೋನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಕಾಯಿಲೆಯನ್ನು ಮರೆಮಾಚಬಲ್ಲದು. ತೀವ್ರ ಖಿನ್ನತೆ, ಮದ್ಯಪಾನ, ಹತೋಟಿ ತಪ್ಪಿದ ಶುಗರ್ ಇದ್ದಾಗ, ಜ್ವರದಿಂದ ಆಸ್ಪತ್ರೆ ಸೇರಿದಾಗ ಈ ಪರೀಕ್ಷೆ ಬೇಡ.

ಎರಡನೆಯ ಪರೀಕ್ಷೆಯಾಗಿ 24 ಗಂಟೆಗಳ ಮೂತ್ರದ ಕಾರ್ಟಿಸಾಲ್ ಅಥವಾ ರಾತ್ರಿ 11 ಗಂಟೆಯ ಜೊಲ್ಲಿನ ಕಾರ್ಟಿಸಾಲ್ ನೋಡುತ್ತಾರೆ. ಮೂತ್ರ ಸಂಗ್ರಹದಲ್ಲಿ ತಪ್ಪು ಆಗುವುದು ಮೊದಲ ಹೆಜ್ಜೆಯಲ್ಲೇ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನು ಚೆಲ್ಲಬೇಕು, ಆ ಸಮಯ ಬರೆದುಕೊಂಡು ನಂತರದ ಪ್ರತಿ ಹನಿಯನ್ನೂ ಕ್ಯಾನಿಗೆ ತುಂಬಬೇಕು, ಮರುದಿನ ಬೆಳಗಿನ ಮೊದಲ ಮೂತ್ರವನ್ನು ಸೇರಿಸಿ ಮುಗಿಸಬೇಕು. ನಡುವೆ ಒಂದು ಸಲ ತಪ್ಪಿದರೂ ಮತ್ತೆ ಮೊದಲಿಂದ. ಕಲ್ಲು ಕರಗಲೆಂದು ದಿನಕ್ಕೆ ಐದು ಲೀಟರ್ ನೀರು ಕುಡಿಯುವ ಅಭ್ಯಾಸವಿದ್ದರೆ ಅಂಕಿ ಸುಳ್ಳೇ ಏರುತ್ತದೆ, ಕಿಡ್ನಿ ದುರ್ಬಲವಾಗಿದ್ದರೆ ಇಳಿಯುತ್ತದೆ. ಜೊಲ್ಲಿನ ಪರೀಕ್ಷೆಗೆ ಮುಂಚೆ ತಂಬಾಕು ಜಗಿಯಬಾರದು, ಕೆಮ್ಮಿಗೆಂದು ಅತಿಮಧುರದ ಕಡ್ಡಿ ಅಥವಾ ಕಷಾಯ ಸೇವಿಸಬಾರದು, ಎರಡರಿಂದಲೂ ಫಲಿತಾಂಶ ಏರುತ್ತದೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಗಡ್ಡೆಯಿಂದ ಕಾರ್ಟಿಸಾಲ್ ಅಲ್ಪ ಪ್ರಮಾಣದಲ್ಲಿ ಬರುತ್ತಿದ್ದರೆ ಮೂತ್ರದ ಪರೀಕ್ಷೆ ನಾರ್ಮಲ್ ಬರಬಹುದು, ಡೆಕ್ಸಾಮೆಥಾಸೋನ್ ಪರೀಕ್ಷೆ ಮಾತ್ರ ಅದನ್ನು ಹಿಡಿಯುತ್ತದೆ.

ಎ.ಸಿ.ಟಿ.ಎಚ್. ಹೇಳಿದ್ದೇ ಅಂತಿಮ

ಕಾರ್ಟಿಸಾಲ್ ಹೆಚ್ಚಿದೆ ಎಂದು ಖಚಿತವಾದ ಮೇಲೆ ಎ.ಸಿ.ಟಿ.ಎಚ್. ನೋಡಬೇಕು. ಅಡ್ರಿನಲ್ ಗಡ್ಡೆ ತಾನಾಗಿಯೇ ಕಾರ್ಟಿಸಾಲ್ ಬಿಡುತ್ತಿದ್ದರೆ ಪಿಟ್ಯುಟರಿ ಬಾಯಿ ಮುಚ್ಚಿರುತ್ತದೆ, ಎ.ಸಿ.ಟಿ.ಎಚ್. ಒಂದು ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕಡಿಮೆ ಇರುತ್ತದೆ, ಎಷ್ಟೋ ಸಲ 5ಕ್ಕಿಂತಲೂ ಕಡಿಮೆ. 20ಕ್ಕಿಂತ ಹೆಚ್ಚಿದ್ದರೆ ಕಾಯಿಲೆಯ ಮೂಲ ಪಿಟ್ಯುಟರಿಯಲ್ಲೋ, ಶ್ವಾಸಕೋಶದಂಥ ಬೇರೆ ಕಡೆಯೋ ಇದೆ, ಅಡ್ರಿನಲ್ ಗಡ್ಡೆ ಅಲ್ಲಿ ಕಾಕತಾಳೀಯ. 10ರಿಂದ 20ರ ನಡುವೆ ಬಂದರೆ ಪರೀಕ್ಷೆ ಮರುಕಳಿಸಬೇಕು. ನಡುವಯಸ್ಸು ದಾಟಿದವರಲ್ಲಿ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಅಡ್ರಿನಲ್ ಗಡ್ಡೆ ಕಾಣುವುದು ಅಪರೂಪವಲ್ಲ, ಎಪ್ಪತ್ತು ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರಬಹುದು. ಗಡ್ಡೆ ಕಂಡ ಮಾತ್ರಕ್ಕೆ ಅಪರಾಧಿ ಅದೇ ಎಂದು ಹೇಳಲಾಗದೆ ಇರುವುದು ಇದಕ್ಕೇ.

ಈ ಪರೀಕ್ಷೆ ಬಲು ನಾಜೂಕಿನದು. ರಕ್ತವನ್ನು ನೇರಳೆ ಮುಚ್ಚಳದ ಇ.ಡಿ.ಟಿ.ಎ. ಟ್ಯೂಬಿಗೆ ಹಾಕಿ ಕೂಡಲೇ ಐಸ್‌ನಲ್ಲಿ ಇಟ್ಟು, ತಣ್ಣಗಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಮನೆಗೆ ಬಂದು ರಕ್ತ ತೆಗೆದುಕೊಂಡವರು ಅದನ್ನು ಬ್ಯಾಗಿನಲ್ಲಿಟ್ಟು ಬಿಸಿಲಲ್ಲಿ ಇನ್ನೂ ನಾಲ್ಕು ಮನೆ ಸುತ್ತಿದರೆ ಹಾರ್ಮೋನು ಒಡೆದುಹೋಗಿ ಅಂಕಿ ಇಳಿದಿರುತ್ತದೆ. ಪಿಟ್ಯುಟರಿ ಕಾಯಿಲೆ ಇರುವವರಿಗೂ ಆಗ ಅಡ್ರಿನಲ್ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ಆದ್ದರಿಂದ ಸೆಂಟ್ರಿಫ್ಯೂಜ್ ಇರುವ ಲ್ಯಾಬಿಗೇ ಬೆಳಿಗ್ಗೆ 8–9ಕ್ಕೆ ಹೋಗಿ ರಕ್ತ ಕೊಡಿ. ಡೆಕ್ಸಾಮೆಥಾಸೋನ್ ನುಂಗಿದ ಮರುದಿನದ ರಕ್ತದಲ್ಲಿ ಎ.ಸಿ.ಟಿ.ಎಚ್. ನೋಡಬೇಡಿ, ಆ ದಿನ ಆರೋಗ್ಯವಂತರಲ್ಲೂ ಅದು ಕಡಿಮೆಯೇ. ಒಂದು ಸಲ ಕಡಿಮೆ ಬಂದರೆ, ಆಪರೇಷನ್‌ಗೆ ಮುಂಚೆ ಇನ್ನೊಂದು ದಿನ ಮತ್ತೆ ನೋಡಿಸಿ ಎಂದೇ ನನ್ನ ಸಲಹೆ. ಜೊತೆಗೆ ಅಡ್ರಿನಲ್‌ನದೇ ಇನ್ನೊಂದು ಹಾರ್ಮೋನಾದ ಡಿ.ಎಚ್.ಇ.ಎ.ಎಸ್. ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಅಡಿನೋಮದಲ್ಲಿ ಅದು ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ ಇರುತ್ತದೆ, ವಿಪರೀತ ಏರಿದ್ದರೆ ಕ್ಯಾನ್ಸರ್ ಅನುಮಾನ ಬರುತ್ತದೆ.

ಬಿ.ಪಿ. ಹೆಚ್ಚಿರುವುದರಿಂದ ಆಲ್ಡೊಸ್ಟಿರಾನ್, ರೆನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯೂ ಬೇಕು. ಕೆಲವು ಗಡ್ಡೆಗಳು ಕಾರ್ಟಿಸಾಲ್, ಆಲ್ಡೊಸ್ಟಿರಾನ್ ಎರಡೂ ಹಾರ್ಮೋನು ಬಿಡುತ್ತವೆ.

ಕ್ಯಾನ್ಸರ್ ಮತ್ತು ಸೂಜಿ ಪರೀಕ್ಷೆಯ ಬಗ್ಗೆ

ಅಡ್ರಿನಲ್ ಹೊರಪದರದ ಕ್ಯಾನ್ಸರ್ ಬಹಳ ಅಪರೂಪ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ. 3.1 ಸೆಂ.ಮೀ. ಎಂಬ ಗಾತ್ರವೂ ಸಮಾಧಾನದ್ದೇ. ಗಾತ್ರಕ್ಕಿಂತ ಹೆಚ್ಚು ಹೇಳುವುದು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಬಣ್ಣದ ಔಷಧ) ಹಾಕದ ಸಿ.ಟಿ.ಯಲ್ಲಿ ಗಡ್ಡೆಯ ಸಾಂದ್ರತೆ. ಇದನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತಾರೆ. ಅಡಿನೋಮದ ಕೋಶಗಳಲ್ಲಿ ಕೊಬ್ಬು ತುಂಬಿರುವುದರಿಂದ ಈ ಅಂಕಿ ತಗ್ಗಿರುತ್ತದೆ. ಗಡ್ಡೆ ಪೂರ್ತಿ ಒಂದೇ ಸಮನಾಗಿದ್ದು ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕ್ಯಾನ್ಸರ್ ಅಲ್ಲ ಎಂದು ನೆಮ್ಮದಿಯಿಂದ ಹೇಳಬಹುದು. ಅಂಕಿ 20 ದಾಟಿ, ಗಾತ್ರ 4 ಸೆಂ.ಮೀ. ಮೀರಿ, ಅಂಚು ಒರಟಾಗಿದ್ದರೆ ಎಚ್ಚರವಾಗಬೇಕು. ಕೆಲವೇ ತಿಂಗಳಲ್ಲಿ ಕಾಯಿಲೆ ಬಿರುಸಾಗಿ ಏರಿದ್ದರೆ, ಗಡ್ಡಮೀಸೆ ದಟ್ಟವಾಗಿ ಬಂದು ದನಿ ಒಡೆದಿದ್ದರೂ ಹಾಗೆಯೇ.

ಕಿಡ್ನಿ ಕಲ್ಲಿಗೆಂದು ಮಾಡುವ ಸಿ.ಟಿ. ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಲ್ಲದ್ದೇ. ಅಂದರೆ ಬೇಕಾದ ಅಂಕಿ ನಿಮ್ಮ ಕೈಯಲ್ಲಿರುವ ಸಿ.ಡಿ.ಯಲ್ಲೇ ಇರಬಹುದು. ಸ್ಕ್ಯಾನ್ ಸೆಂಟರಿಗೆ ಅದನ್ನು ಒಯ್ದು, ಗಡ್ಡೆಯ ಹೌನ್ಸ್‌ಫೀಲ್ಡ್ ಅಂಕಿಯನ್ನೂ ಬಲಗಡೆಯ ಗ್ರಂಥಿ ಹೇಗಿದೆ ಎಂಬುದನ್ನೂ ವರದಿಯಲ್ಲಿ ಬರೆದುಕೊಡಲು ಕೇಳಿ. ಎಡಗಡ್ಡೆಯೇ ಕಾರ್ಟಿಸಾಲ್ ಬಿಡುತ್ತಿದ್ದರೆ ಬಲ ಗ್ರಂಥಿ ಕೆಲಸವಿಲ್ಲದೆ ತೆಳುವಾಗಿರುತ್ತದೆ. ಎರಡೂ ಕಡೆ ಗಂಟುಗಳಿದ್ದರೆ ಅದು ಬೇರೆಯೇ ಕಾಯಿಲೆ, ಕೆಲವು ಸಲ ವಂಶವಾಹಿ ಸಂಬಂಧದ್ದು. ಆಗ ಮುಂದಿನ ದಾರಿಯೂ ಬೇರೆ.

ಸೂಜಿ ಪರೀಕ್ಷೆ ಖಂಡಿತ ಬೇಡ. ಸೂಜಿಯಲ್ಲಿ ಬರುವ ತುಣುಕಿನಿಂದ ಅಡಿನೋಮ ಯಾವುದು, ಕ್ಯಾನ್ಸರ್ ಯಾವುದು ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಕ್ಯಾನ್ಸರ್ ಆಗಿದ್ದರೆ ಸೂಜಿಯ ದಾರಿಯಲ್ಲೇ ಹರಡಬಹುದು. ಫಿಯೋಕ್ರೊಮೊಸೈಟೋಮ ಎಂಬ, ಅಡ್ರಿನಲಿನ್ ಸ್ರವಿಸುವ ಗಡ್ಡೆಯಾಗಿದ್ದರೆ ಸೂಜಿ ತಗುಲಿದ ಕ್ಷಣದಲ್ಲೇ ಬಿ.ಪಿ. ವಿಪರೀತ ಏರಿ ಜೀವ ಹೋಗಬಹುದು. ಸಾಂದ್ರತೆ 10ಕ್ಕಿಂತ ಹೆಚ್ಚಿದ್ದರೆ ಅಡ್ರಿನಲಿನ್ ಒಡೆದು ಆಗುವ ಮೆಟಾನೆಫ್ರಿನ್‌ನ ಪರೀಕ್ಷೆ ಮಾಡಿಸಿ, ಅದು ಫಿಯೋಕ್ರೊಮೊಸೈಟೋಮ ಅಲ್ಲವೆಂದು ತಿಳಿದ ಮೇಲೆಯೇ ಆಪರೇಷನ್. ಸೂಜಿ ಪರೀಕ್ಷೆಗೆ ಅರ್ಥ ಇರುವುದು ಬೇರೆ ಅಂಗದ ಕ್ಯಾನ್ಸರ್ ಅಡ್ರಿನಲ್‌ಗೆ ಹರಡಿದ ಅನುಮಾನವಿದ್ದಾಗ, ಅಥವಾ ಎರಡೂ ಗ್ರಂಥಿ ಊದಿಕೊಂಡು ಕ್ಷಯ ಇಲ್ಲವೇ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಫಂಗಸ್ ಸೋಂಕು ಶಂಕೆಯಿದ್ದಾಗ. ಆ ಸೋಂಕುಗಳಲ್ಲಿ ಕಾರ್ಟಿಸಾಲ್ ಕಡಿಮೆಯಾಗುವುದೇ ವಾಡಿಕೆ, ನಿಮ್ಮ ತಂಗಿಯ ಚಿತ್ರ ಅದಲ್ಲ.

ಆಪರೇಷನ್ ಯಾರಿಗೆ

ಲಕ್ಷಣಗಳು ಎದ್ದು ಕಾಣುತ್ತಿದ್ದು, ಡೆಕ್ಸಾಮೆಥಾಸೋನ್ ನಂತರವೂ ಕಾರ್ಟಿಸಾಲ್ ಇಳಿಯದೆ, ಎ.ಸಿ.ಟಿ.ಎಚ್. ಕಡಿಮೆಯಿದ್ದು, ಒಂದೇ ಕಡೆ ಗಡ್ಡೆಯಿದ್ದರೆ ಆ ಗ್ರಂಥಿಯನ್ನು ತೆಗೆಯುವುದೇ ಚಿಕಿತ್ಸೆ. ಮಾತ್ರೆಯಲ್ಲಿ ಗಡ್ಡೆ ಕರಗುವುದಿಲ್ಲ. ಲಕ್ಷಣವೇ ಇಲ್ಲದೆ ಡೆಕ್ಸಾಮೆಥಾಸೋನ್ ಪರೀಕ್ಷೆ ಮಾತ್ರ 1.8 ದಾಟಿದವರ ವಿಷಯ ಬೇರೆ. ಅಂಥವರಲ್ಲಿ ಬಿ.ಪಿ., ಶುಗರ್, ಮೂಳೆಯ ಸ್ಥಿತಿ, ವಯಸ್ಸು ನೋಡಿ ನಿರ್ಧರಿಸುತ್ತಾರೆ, ಅನೇಕರಿಗೆ ವರ್ಷಕ್ಕೊಮ್ಮೆ ತಪಾಸಣೆ ಸಾಕು.

ಆಪರೇಷನ್‌ಗೆ ಮುಂಚಿನ ಸಿದ್ಧತೆಯಲ್ಲಿ ಅವಸರ ಬೇಡ. ಕಾರ್ಟಿಸಾಲ್ ಹೆಚ್ಚಿರುವವರ ಗಾಯ ನಿಧಾನ ಮಾಯುತ್ತದೆ, ಸೋಂಕು ಬೇಗ ತಗಲುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಹೆಚ್ಚು. ಶುಗರ್ ಹತೋಟಿಗೆ ಬರಬೇಕು, ಪೊಟ್ಯಾಸಿಯಂ ಸರಿಯಾಗಬೇಕು, ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದಿನ ಯೋಜನೆ ಇರಬೇಕು. ಕಾಯಿಲೆ ತೀವ್ರವಾಗಿದ್ದರೆ ಕೆಲವು ವಾರ ಕೀಟೊಕೊನಝೋಲ್ ಮಾತ್ರೆಯಿಂದ ಕಾರ್ಟಿಸಾಲ್ ಇಳಿಸಿಕೊಳ್ಳುತ್ತಾರೆ. ಈ ಮಾತ್ರೆಗೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್‌ಗೆಂದು ದಿನವೂ ಪ್ಯಾಂಟೊಪ್ರಝೋಲ್ ನುಂಗುತ್ತಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿವರ್ ಪರೀಕ್ಷೆಯನ್ನು ಮೊದಮೊದಲು ವಾರಕ್ಕೊಮ್ಮೆ ಮಾಡಿಸಬೇಕು, ಗರ್ಭಿಣಿ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಶುರುಮಾಡಬೇಕು.

3 ಸೆಂ.ಮೀ. ಗಡ್ಡೆಯನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಯಬಹುದು, ಎರಡು ಮೂರು ದಿನದಲ್ಲಿ ಮನೆಗೆ ಹೋಗುವವರೇ ಹೆಚ್ಚು. ಎಡಗಡೆ ಗುಲ್ಮ ಮತ್ತು ಮೇದೋಜೀರಕದ ತುದಿ ಅಂಟಿಕೊಂಡಂತೆ ಇರುತ್ತವೆ, ಹಾಗಾಗಿ ಕೈ ಪಳಗಿರಬೇಕು. ಸರ್ಜನ್‌ರನ್ನು ಕೇಳಲು ಸಂಕೋಚ ಬೇಡ: ವರ್ಷಕ್ಕೆ ಎಷ್ಟು ಅಡ್ರಿನಲ್ ಆಪರೇಷನ್ ಮಾಡುತ್ತೀರಿ? ಆರಕ್ಕಿಂತ ಹೆಚ್ಚು ಮಾಡುವವರ ಕೈಯಲ್ಲಿ ತೊಂದರೆಗಳು ಕಡಿಮೆ. ಕ್ಯಾನ್ಸರ್ ಶಂಕೆ ಇದ್ದರೆ ಮಾತ್ರ ಹೊಟ್ಟೆ ತೆರೆದು, ಗಡ್ಡೆ ಒಡೆಯದಂತೆ ಇಡಿಯಾಗಿ ತೆಗೆಯುವುದು ಕ್ಷೇಮ.

ಗಡ್ಡೆ ಹೋದ ಮೇಲೆ ಕಾರ್ಟಿಸಾಲ್ ಕೊರತೆ

ಜೀವನಪೂರ್ತಿ ಮಾತ್ರೆ ಬೇಕೇ ಎಂದು ಕೇಳಿದ್ದೀರಿ. ಒಂದೇ ಗ್ರಂಥಿ ತೆಗೆದರೆ ಬೇಕಿಲ್ಲ, ಆದರೆ ಕೆಲವು ತಿಂಗಳಿಂದ ಎರಡು ವರ್ಷ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಈ ಭಾಗವನ್ನು ಮನೆಯವರೆಲ್ಲ ಗಮನವಿಟ್ಟು ಓದಿ. ಈ ಕಾಯಿಲೆಯಲ್ಲಿ ಆಪರೇಷನ್ ಚೆನ್ನಾಗಿ ಆಗಿಯೂ ಜೀವ ಅಪಾಯಕ್ಕೆ ಸಿಲುಕುವುದು ಇಲ್ಲಿ.

ಎರಡು ವರ್ಷ ಎ.ಸಿ.ಟಿ.ಎಚ್. ಸಿಗದೆ ಬಲಗಡೆಯ ಗ್ರಂಥಿ ಮುದುಡಿ ಮಲಗಿರುತ್ತದೆ. ಗಡ್ಡೆ ತೆಗೆದ ಗಳಿಗೆಯಿಂದ ದೇಹದಲ್ಲಿ ಕಾರ್ಟಿಸಾಲ್ ತಯಾರಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಆಪರೇಷನ್ ಟೇಬಲ್ ಮೇಲೆಯೇ ಕಾರ್ಟಿಸಾಲ್‌ನದೇ ಔಷಧ ರೂಪವಾದ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಚುಚ್ಚುಮದ್ದು ಕೊಟ್ಟು, ಮುಂದಿನ 24 ಗಂಟೆ ಒಟ್ಟು 200 ಮಿ.ಗ್ರಾಂ ನಡೆಸಿ, ನಂತರ ಇಳಿಸುತ್ತಾ ಮಾತ್ರೆಗೆ ಬದಲಿಸುತ್ತಾರೆ. ಮನೆಯಲ್ಲಿ ದಿನಕ್ಕೆ 15ರಿಂದ 25 ಮಿ.ಗ್ರಾಂ, ಉದಾಹರಣೆಗೆ ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ ನಾಲ್ಕಕ್ಕೆ 5. ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ, ಮಲಗಿದ ಗ್ರಂಥಿ ಏಳುವುದೂ ತಡವಾಗುತ್ತದೆ. ಉಪ್ಪಿನಂಶ ಕಾಯುವ ಆಲ್ಡೊಸ್ಟಿರಾನ್‌ಗೆ ಎ.ಸಿ.ಟಿ.ಎಚ್. ಮುಖ್ಯವಲ್ಲದ ಕಾರಣ ಬಲ ಗ್ರಂಥಿ ಅದನ್ನು ಕೊಡುತ್ತಲೇ ಇರುತ್ತದೆ, ಹಾಗಾಗಿ ಅದರ ಬದಲಿಗೆ ಕೊಡುವ ಫ್ಲೂಡ್ರೊಕಾರ್ಟಿಸೋನ್ ಮಾತ್ರೆ ಸಾಮಾನ್ಯವಾಗಿ ಬೇಡ. ಸಣ್ಣ ಊರುಗಳ ಅಂಗಡಿಯಲ್ಲಿ ಹೈಡ್ರೊಕಾರ್ಟಿಸೋನ್ ಮಾತ್ರೆ ಸುಲಭಕ್ಕೆ ಸಿಗದಿರಬಹುದು, ಎರಡು ತಿಂಗಳಿಗಾಗುವಷ್ಟು ತಂದಿಡಿ. ಸಿಗದೇ ಹೋದರೆ ಒಂದು ದಿನವೂ ಖಾಲಿ ಬಿಡದೆ ವೈದ್ಯರನ್ನು ಕೇಳಿ ಪ್ರೆಡ್ನಿಸೋಲೋನ್ ತೆಗೆದುಕೊಳ್ಳಿ. 20 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್‌ಗೆ 5 ಮಿ.ಗ್ರಾಂ ಪ್ರೆಡ್ನಿಸೋಲೋನ್ ಸಮ.

ಜ್ವರ ಬಂದರೆ ದಿನದ ಪ್ರಮಾಣವನ್ನು ಎರಡರಷ್ಟು ಮಾಡಬೇಕು, 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೂರರಷ್ಟು. ಜ್ವರ ಬಿಟ್ಟ ಮೇಲೆ ಹಳೆಯ ಪ್ರಮಾಣಕ್ಕೆ ಬರಬೇಕು. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕು. ಅದೂ ನಿಲ್ಲದಿದ್ದರೆ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ಪುಡಿಯ ರೂಪದ ವಯಲ್, 2 ಮಿ.ಲೀ. ಸ್ಟೆರೈಲ್ ನೀರು, ಸಿರಿಂಜು ಇವು ಮನೆಯಲ್ಲಿರಲಿ, ಕೊಡುವುದನ್ನು ಇಬ್ಬರಾದರೂ ನರ್ಸ್ ಹತ್ತಿರ ಕಲಿತಿರಲಿ. ಏಕಾದಶಿ, ಶ್ರಾವಣದ ಉಪವಾಸವಿದ್ದರೂ ಮಾತ್ರೆ ತಪ್ಪಿಸಬಾರದು. ಹಲ್ಲು ಕೀಳಿಸುವಾಗಲೂ, ಬೇರೆ ಯಾವುದೇ ಆಪರೇಷನ್‌ಗೂ ಮುಂಚಿತವಾಗಿ ತಿಳಿಸಿ. "ಸ್ಟೀರಾಯ್ಡ್ ನಿಲ್ಲಿಸಬಾರದು, ತುರ್ತಿನಲ್ಲಿ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಕೊಡಿ" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ ಅವರ ಪರ್ಸಿನಲ್ಲಿ ಇರಲಿ. ಸ್ಟೀರಾಯ್ಡ್ ಎಂದರೆ ಕೆಟ್ಟದ್ದು ಎಂಬ ಮಾತು ಕೇಳಿ ನೆಂಟರು ಯಾರಾದರೂ ನಿಲ್ಲಿಸಲು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಇದು ದೇಹ ತಾನೇ ತಯಾರಿಸಬೇಕಿದ್ದ ಹಾರ್ಮೋನು.

ಮೊದಲ ಕೆಲವು ತಿಂಗಳು ನಿಮ್ಮ ತಂಗಿ ಆಪರೇಷನ್‌ಗೆ ಮುಂಚಿನದಕ್ಕಿಂತ ಹೆಚ್ಚು ಸುಸ್ತಾಗಿರಬಹುದು. ಮೈಕೈ ನೋವು, ಕೀಲು ನೋವು, ಹೊಟ್ಟೆ ತೊಳೆಸುವುದು, ಚರ್ಮ ಸುಲಿಯುವುದು, ಅಳು ಬರುವುದು ಇವೆಲ್ಲ ದೇಹ ಹೆಚ್ಚಿನ ಕಾರ್ಟಿಸಾಲ್‌ಗೆ ಒಗ್ಗಿಹೋಗಿ, ಈಗ ಅದು ಸಿಗದಿರುವುದರ ಪರಿಣಾಮ. ಮಾತ್ರೆಯನ್ನು ಇನ್ನೂ ನಿಧಾನ ಇಳಿಸಿದರೆ ಸಹಿಸಬಹುದು. ಬಿ.ಪಿ. ಮತ್ತು ಶುಗರ್ ಮಾತ್ರೆಗಳನ್ನು ಮಾತ್ರ ಬೇಗ ಇಳಿಸಬೇಕಾಗುತ್ತದೆ. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮುಂದುವರಿಸಿದರೆ ಶುಗರ್ ಕುಸಿದು ಎಚ್ಚರ ತಪ್ಪಬಹುದು, ಮನೆಯಲ್ಲೇ ದಿನಾ ಅಳೆಯಿರಿ. ಕಾರ್ಟಿಸಾಲ್‌ನ ಅಡಿ ಅಡಗಿದ್ದ ಥೈರಾಯ್ಡ್ ಉರಿಯೂತ, ಸೋರಿಯಾಸಿಸ್, ಕೀಲುವಾತ ಈ ಹೊತ್ತಿನಲ್ಲಿ ತಲೆಯೆತ್ತುವುದೂ ಇದೆ.

ಬಲ ಗ್ರಂಥಿ ಎದ್ದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಹಿಂದಿನ ದಿನ ಬೆಳಿಗ್ಗೆಯ ನಂತರ ಮಾತ್ರೆ ನುಂಗದೆ, ಮರುದಿನ 8 ಗಂಟೆಗೆ ರಕ್ತ ಕೊಟ್ಟು, ಆಮೇಲೆ ಮಾತ್ರೆ ನುಂಗಬೇಕು. ಇದನ್ನು ವೈದ್ಯರು ಹೇಳಿದಾಗ ಮಾತ್ರ ಮಾಡಿ. ಕಾರ್ಟಿಸಾಲ್ 5ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಮುಂದುವರಿಯುತ್ತದೆ, 10 ದಾಟಿದ್ದರೆ ನಿಲ್ಲಿಸುವ ಮಾತು ಬರುತ್ತದೆ, ನಡುವೆ ಇದ್ದರೆ ಎ.ಸಿ.ಟಿ.ಎಚ್. ಚುಚ್ಚುಮದ್ದು ಕೊಟ್ಟು ಗ್ರಂಥಿ ಎಷ್ಟು ಸ್ಪಂದಿಸುತ್ತದೆಂದು ನೋಡುತ್ತಾರೆ.

ತೆಗೆದ ಗಡ್ಡೆಯ ಪೆಥಾಲಜಿ ವರದಿಯಲ್ಲಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಅಳೆಯುವ ವೀಸ್ ಸ್ಕೋರ್ ಬರೆದಿದೆಯೇ ನೋಡಿಕೊಳ್ಳಿ, 3 ಅಥವಾ ಹೆಚ್ಚಿದ್ದರೆ ಕ್ಯಾನ್ಸರ್ ತಜ್ಞರ ಬಳಿ ಹೋಗಬೇಕು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಪರೇಷನ್‌ಗೆ ಮುಂಚೆ ಒಮ್ಮೆ, ವರ್ಷದ ನಂತರ ಒಮ್ಮೆ ಆಗಲಿ. ಮುಟ್ಟು ಹೆಚ್ಚಿನವರಲ್ಲಿ ತಿಂಗಳುಗಳಲ್ಲೇ ಸರಿಹೋಗುತ್ತದೆ. ಅಂದರೆ ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ. ಮಗು ಬೇಕೆಂದಿದ್ದರೆ ಬಿ.ಪಿ. ಮಾತ್ರೆಗಳಲ್ಲಿ ಗರ್ಭಕ್ಕೆ ಹೊಂದದವನ್ನು, ಅಂದರೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಜಾತಿಯವನ್ನು ಮೊದಲೇ ಬದಲಿಸಿಕೊಳ್ಳಿ. ಹೈಡ್ರೊಕಾರ್ಟಿಸೋನ್ ಮಾತ್ರ ಗರ್ಭದಲ್ಲೂ ನಿಲ್ಲಿಸುವ ಹಾಗಿಲ್ಲ.